ಹದಿನೆಂಟು ವರ್ಷ ಇಡದ ಎಡೆ

ಮುದ್ದಮ್ಮ ಮೊಮ್ಮಗಳಿಗೆ ಬಡಿಸಿ ಸುಮ್ಮನೆ ಒಳಗೆ ಹೋಗುವವಳಲ್ಲ. ಎದುರಿಗೇ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂರುತ್ತಾಳೆ. ಶಿಲ್ಪಶ್ರೀ ಮುದ್ದೆ ಮುರಿಯುವುದು, ಸಾರಿನಲ್ಲಿ ಹೊರಳಿಸುವುದು, ನುಂಗುವುದು, ಇಷ್ಟನ್ನೂ ತುತ್ತು ತುತ್ತಾಗಿ ನೋಡುತ್ತಾಳೆ. ತಟ್ಟೆ ಖಾಲಿಯಾಗುವ ತನಕ ಏಳುವುದಿಲ್ಲ. ಆ ಹುಡುಗಿ ತಟ್ಟೆಯ ಮುಂದೆ ಕೂರಲು ಕಲಿತಂದಿನಿಂದ ಇದೇ ನಡೆದುಬಂದಿತ್ತು. ಜಾವಗಲ್ಲಿನ ಆ ಬೀದಿಯವರು, ಅಜ್ಜಿ ಅಂದರೆ ಹೀಗಿರಬೇಕು ಎಂದು ಹೊಗಳುತ್ತಿದ್ದರು. ಹೊಗಳುವವರಿಗೇನು, ಆ ತಟ್ಟೆಯ ಮುಂದೆ ಅವರು ಕೂತವರಲ್ಲ.

"ಇನ್ನರ್ಧ ಮುದ್ದೆ ಇಕ್ಕಲಾ ಮಗಾ?"

"ಸಾಕು ಅಜ್ಜಿ."

"ಸಾಕು ಅಂದ್ರೆ ಹೆಂಗೆ? ಹುರುಳಿ ಸಾರು ಅಂದ್ರೆ ನಿಂಗೆ ಪ್ರಾಣ. ಅವಾಗಿಂದ್ಲೂ ಹಂಗೇ."

ಅವಾಗಿಂದ ಅಂದರೆ ಶಿಲ್ಪಶ್ರೀ ಹುಟ್ಟುವುದಕ್ಕೂ ಮುಂಚಿನಿಂದ. ಹುಡುಗಿಗೆ ಹುರುಳಿ ಸಾರು ಕಂಡರಾಗದು. ಆದರೂ ಉಂಡಳು, ತಟ್ಟೆ ತೊಳೆದಿಟ್ಟಳು, ಹಿತ್ತಿಲಿಗೆ ಹೋದಳು. ಅಲ್ಲಿ ತೊಟ್ಟಿಯ ಬಳಿ ಪಾತ್ರೆ ಬೆಳಗುತ್ತಿದ್ದ ಅವಳ ತಾಯಿ ಅನುಸೂಯಳಿಗೆ ಕರಿಬೇವಿನ ಗಿಡದ ಆಚೆಯಿಂದ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು. ಆ ವಾರದಲ್ಲಿ ಅದು ನಾಲ್ಕನೆಯ ಸಲ. ಅನುಸೂಯ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಹೋಗಿ ಮಗಳ ಬೆನ್ನು ನೀವಿದಳು.

"ಅಜ್ಜಿಗೆ ಹೇಳ್ಬೇಡ ಅಮ್ಮಾ" ಎಂದಳು ಶಿಲ್ಪಶ್ರೀ. "ಮತ್ತೆ ಇನ್ನೊಂದು ಸಲ ಬಡಿಸ್ತಾರೆ."

ಈ ಮನೆಯ ಹಿಂದಿನ ಕತೆಯನ್ನು ಇಲ್ಲೇ ಹೇಳಿಬಿಡುವುದು ವಾಸಿ. ಚಿಕ್ಕಣ್ಣ ಮತ್ತು ಮುದ್ದಮ್ಮನಿಗೆ ಇಬ್ಬರು ಮಕ್ಕಳು. ದೊಡ್ಡವನು ದೇವೀರಪ್ಪ. ಅವನಿಗಿಂತ ಆರು ವರ್ಷಕ್ಕೆ ಚಿಕ್ಕವಳು ಒಬ್ಬ ಮಗಳು. ಅವಳ ಹೆಸರೂ ಶಿಲ್ಪಶ್ರೀ. ಆ ಮಗಳು ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಕಾರ್ತಿಕದ ಬೆಳಿಗ್ಗೆ ಕೆರೆಗೆ ಹೋದವಳು ಮನೆಗೆ ಬರಲಿಲ್ಲ. ಬಟ್ಟೆ ಒಗೆಯುವಾಗ ಕಾಲು ಜಾರಿತು ಎಂದು ಮನೆಯವರು ಹೇಳಿದರು. ಕೆರೆಯ ಮೆಟ್ಟಿಲ ಮೇಲೆ ಒಗೆಯುವ ಬಟ್ಟೆ ಯಾವುದೂ ಇರಲಿಲ್ಲವೆಂದು ಊರಿಗೆ ಗೊತ್ತಿತ್ತು. ಆದರೂ ಊರಿನವರು ಕಾಲು ಜಾರಿತು ಎಂದೇ ಹೇಳಿದರು, ಇವತ್ತಿಗೂ ಹಾಗೇ ಹೇಳುತ್ತಾರೆ.

ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭ ಆಗಲೆಂದು ಮೂರೇ ತಿಂಗಳಿಗೆ ದೇವೀರಪ್ಪನ ಮದುವೆಯಾಯಿತು. ಅರೇಹಳ್ಳಿ ಕಡೆಯ ಅನುಸೂಯ ಇಪ್ಪತ್ತನೆಯ ವಯಸ್ಸಿಗೆ ಸೊಸೆಯಾಗಿ ಬಂದಳು. ಮರುವರ್ಷದ ಕಾರ್ತಿಕದಲ್ಲಿ ತವರಲ್ಲಿ ಹೆಣ್ಣು ಹೆತ್ತಳು. ಮೂರನೆಯ ದಿನ ಮಗು ನೋಡಲು ಹೋದ ಮುದ್ದಮ್ಮ ಕೂಸನ್ನು ಮಗ್ಗುಲಾಗಿಸಿ ಕತ್ತಿನ ಹಿಂದೆ ಸಾಸಿವೆ ಕಾಳಿನಷ್ಟು ಮಚ್ಚೆ ಕಂಡಳು. "ಬಂದ್ಲು. ನನ್ನ ಮಗಳು ನಂಗೇ ಬಂದ್ಲು" ಎಂದು ಅಲ್ಲೇ ಕುಸಿದು ಕೂತು ಅತ್ತಳು. ಸೇರಿದ್ದವರೆಲ್ಲ ಕಣ್ಣೊರೆಸಿಕೊಂಡರು. ಅನುಸೂಯಳೂ ಅತ್ತಳು. ಅತ್ತೆಗೆ ಮಗುವಿನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿದ್ದಳು, ಪಾಪ. ಮಗಳಿಗೆ ಅವಳು ಮನಸ್ಸಿನಲ್ಲಿ ಬೇರೆ ಹೆಸರು ಇಟ್ಟುಕೊಂಡಿದ್ದಳು. ಅದೇನೆಂದು ಯಾರೂ ಕೇಳಲಿಲ್ಲ.

ಅಂದಿನಿಂದ ಕೂಸಿಗೆ ಬೇಕಾದದ್ದೆಲ್ಲ ಮೊದಲೇ ಗೊತ್ತಿತ್ತು. ಹುರುಳಿ ಸಾರು ಪ್ರಾಣ, ಹಸಿರು ಬಳೆ ಇಷ್ಟ, ಎರಡು ಜಡೆ ಒಪ್ಪುತ್ತದೆ, ಬೆಕ್ಕು ಕಂಡರೆ ಭಯ. ಶಿಲ್ಪಶ್ರೀ ಐದು ವರ್ಷದವಳಿದ್ದಾಗ ಬೆಕ್ಕಿನ ಮರಿ ಎತ್ತಿಕೊಂಡು ಬಂದಳು. "ನಿಂಗೆ ಭಯ ಕಣೇ, ಬಿಡು ಅದನ್ನ" ಎಂದು ಮುದ್ದಮ್ಮ ಕಿತ್ತುಕೊಂಡಳು. ಕೆರೆಯ ದಾರಿ ಅವಳಿಗೆ ನಿಷಿದ್ಧ. ಮುದ್ದಮ್ಮ ದಿನಕ್ಕೆ ಇಪ್ಪತ್ತು ಸಲ ಅವಳ ಹೆಸರು ಕೂಗುತ್ತಿದ್ದಳು. ಚಿಕ್ಕಣ್ಣ ಮಾತ್ರ ಒಮ್ಮೆಯೂ ಕರೆದವನಲ್ಲ. "ಕೂಸೇ" ಎನ್ನುತ್ತಿದ್ದ, ಅದೂ ಬೇರೆಲ್ಲೋ ನೋಡಿಕೊಂಡು.

ಬರುವ ಕಾರ್ತಿಕಕ್ಕೆ ಅವಳಿಗೆ ಹದಿನೆಂಟು ತುಂಬುತ್ತಿತ್ತು. ಈಚೆಗೆ ಮುದ್ದಮ್ಮ ಕಾವಲು ಬಿಗಿ ಮಾಡಿದ್ದಳು. ಹುಡುಗಿ ಅರಸೀಕೆರೆಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಬಸ್ಸು ಹತ್ತು ನಿಮಿಷ ತಡವಾದರೆ ಅಜ್ಜಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹಾಜರು. ಒಂದೇ ಮನೆಯಲ್ಲಿ ಅನುಸೂಯ ಮಗಳಿಗಾಗಿ ಹೆದರುತ್ತಿದ್ದಳು, ಮುದ್ದಮ್ಮ ಮಗಳಿಗಾಗಿ ಹೆದರುತ್ತಿದ್ದಳು.

ಗೌರಿ ಹಬ್ಬ ಕಳೆದ ವಾರ ಹಾಸ್ಟೆಲ್ಲಿನ ಎರಡನೆಯ ಪಟ್ಟಿ ಬಂತು. ಅರಸೀಕೆರೆಯಲ್ಲೇ, ಹೆಣ್ಣುಮಕ್ಕಳ ಹಾಸ್ಟೆಲ್ಲು. ಶಿಲ್ಪಶ್ರೀಯ ಹೆಸರಿತ್ತು. ಮಹಾಲಯ ಅಮಾವಾಸ್ಯೆಯ, ಅಂದರೆ ಹಿರಿಯರ ಹಬ್ಬದ, ಮಾರನೆಯ ದಿನ ಸಂಜೆ ಐದರೊಳಗೆ ಹೋಗಿ ಸೇರಬೇಕು, ತಪ್ಪಿದರೆ ಸೀಟು ಮುಂದಿನವರಿಗೆ. ರಾತ್ರಿ ಊಟಕ್ಕೆ ಕೂತಾಗ ಹುಡುಗಿ ಅಪ್ಪನ ಮುಂದೆ ಫೋನ್ ಹಿಡಿದಳು.

"ಅಪ್ಪಾ, ನಾನು ಹೋಗ್ತೀನಿ."

ದೇವೀರಪ್ಪ ಫೋನನ್ನು ದೂರ ಹಿಡಿದು ಓದಿದ. ಓದಿ ಮುಗಿದ ಮೇಲೂ ಓದುತ್ತಲೇ ಇದ್ದ. ಮಾತಾಡಬೇಕಾದ ಹೊತ್ತಿಗೆ ಏನಾದರೂ ಕೈಗೆ ಸಿಕ್ಕರೆ ಅವನಿಗೆ ಅದೇ ಆಸರೆ.

"ಏನ್ಲಾ ಅದು ದೇವೀರಾ?" ಎಂದಳು ಮುದ್ದಮ್ಮ.

"ಹಾಸ್ಟೆಲ್ ಸಿಕ್ಕೈತಂತೆ ಅವ್ವಾ."

ಮುದ್ದಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು. ಚಿಕ್ಕಣ್ಣ ಅರ್ಧ ಉಂಡ ತಟ್ಟೆಯಲ್ಲೇ ಕೈ ತೊಳೆದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಜಗಲಿಗೆ ಹೋದ.

"ಅವತ್ತೂ ಇದೇ ಹಾಸ್ಟೆಲ್ಲು" ಎಂದಳು ಮುದ್ದಮ್ಮ. "ಇದೇ ಅರಸೀಕೆರೆ. ಬ್ಯಾಡ ಕಣೇ ಶಿಲ್ಪಾ. ಮತ್ತೆ ಅದ್ನೇ ಯಾಕೆ ಕೇಳ್ತೀಯ?"

"ನಾನು ಈಗ್ಲೇ ಕೇಳ್ತಿರೋದು ಅಜ್ಜಿ. ಮುಂಚೆ ಯಾವತ್ತೂ ಕೇಳಿಲ್ಲ."

"ಕೇಳಿದ್ದೆ. ನಿಂಗೆ ಗ್ಯಾಪ್ಕ ಇಲ್ಲ."

ಹುಡುಗಿ ತಾಯಿಯ ಕಡೆ ನೋಡಿದಳು. ಅನುಸೂಯ ಗಂಡನ ಕಡೆ ನೋಡಿದಳು. ದೇವೀರಪ್ಪ, "ಹಬ್ಬ ಕಳೀಲಿ, ನೋಡಣ" ಎಂದು ಮಜ್ಜಿಗೆ ಕುಡಿದು ಎದ್ದ.

ಮುಂದಿನ ಗುರುವಾರ ಅನುಸೂಯ ಹಬ್ಬಕ್ಕೆ ಬಟ್ಟೆ ತರುವ ನೆಪ ಹೇಳಿ ಮಗಳ ಜತೆ ಅರಸೀಕೆರೆಗೆ ಹೋದಳು. ಮೊದಲು ಹೋದದ್ದು ಒಬ್ಬ ಲೇಡಿ ಡಾಕ್ಟರ ಹತ್ತಿರ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ತೂಕ ನೋಡಿದರು. ಎರಡು ತಿಂಗಳಲ್ಲಿ ಆರು ಕೆ.ಜಿ. ಇಳಿದಿದ್ದಳು.

"ಕಾಲೇಜಲ್ಲಿ ತಿಂದಾಗಲೂ ವಾಂತಿ ಆಗುತ್ತಾ?"

"ಇಲ್ಲ ಮೇಡಂ. ಮನೇಲಿ ಮಾತ್ರ."

"ಮನೇಲಿ ಏನು ತೊಂದರೆ?"

ಶಿಲ್ಪಶ್ರೀ ಮೇಜಿನ ಮೇಲಿನ ಪೇಪರ್ ವೇಟ್ ತಿರುಗಿಸಿದಳು. "ಏನೂ ಇಲ್ಲ ಮೇಡಂ. ಎಲ್ಲಾ ಚೆನ್ನಾಗಿ ನೋಡ್ಕೋತಾರೆ" ಎಂದಳು. ಡಾಕ್ಟರು ಒಂದು ಮಾತ್ರೆ ಬರೆದರು. ಇನ್ನೊಂದು ಚೀಟಿಯಲ್ಲಿ ಹಾಸನದ ಮನೋವೈದ್ಯರೊಬ್ಬರ ನಂಬರ್ ಬರೆದು, "ಇವಳ ಜತೆ ಮನೆಯವರೂ ಹೋಗಿ" ಎಂದು ಅನುಸೂಯಳ ಕೈಗೇ ಕೊಟ್ಟರು.

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಹುಡುಗಿ ಎರಡು ಮಸಾಲೆ ದೋಸೆ ತಿಂದಳು. ಬಿಸಿ ಆರುವುದಕ್ಕೂ ಕಾಯಲಿಲ್ಲ. ಅನುಸೂಯ ತನ್ನ ಕಾಫಿ ಮರೆತು ನೋಡಿದಳು. ಆಮೇಲೆ, ತಾನೂ ಅತ್ತೆಯ ಹಾಗೆಯೇ ನೋಡುತ್ತಿದ್ದೇನೆ ಅನ್ನಿಸಿ ಮುಖ ತಿರುಗಿಸಿದಳು.

"ಮನೇಲಿ ಯಾಕೆ ಮಗಳೇ ಸೇರಲ್ಲ?"

"ಅಜ್ಜಿ ನನ್ನ ನೋಡಲ್ಲ ಅಮ್ಮಾ. ನನ್ನೊಳಗೆ ಯಾರ್ನೋ ನೋಡ್ತಾರೆ. ನಾನು ಉಂಡ್ರೆ ಅದು ಅವಳಿಗೆ ಹೋಗುತ್ತೆ ಅನ್ಸುತ್ತೆ. ಹಸಿವು ನಂದು, ಊಟ ಅವಳ್ದು."

"ಹಂಗೆಲ್ಲ ಅನ್ಬಾರ್ದು."

"ನನ್ನ ಮುಖ ತೊಳ್ಯೋವಾಗ ಕನ್ನಡೀಲಿ ನೋಡ್ಕೊಳ್ಳೋಕೆ ಭಯ ಆಗುತ್ತೆ. ಅವಳಿಗೆ ಹದಿನೆಂಟಕ್ಕೇ ಮುಗೀತಲ್ಲ. ಅಜ್ಜಿ ದಿನಾ ಕ್ಯಾಲೆಂಡರ್ ನೋಡ್ತಾರೆ. ನೀನು ನೋಡಿದ್ದೀಯಾ? ನನಗೂ ಅಷ್ಟೇ ಇರೋದೇನೋ ಅಂತ ಅವರು ನಂಬಿಬಿಟ್ಟಿದಾರೆ. ಈಗ ನಾನೂ ನಂಬ್ತಾ ಇದೀನಿ."

ಅನುಸೂಯಳಿಗೆ ಹೋಟೆಲಿನ ಗದ್ದಲದಲ್ಲಿ, ಹಾಡುಹಗಲಿನಲ್ಲಿ, ತನ್ನ ಮಗಳ ಪಕ್ಕದ ಖಾಲಿ ಕುರ್ಚಿಯ ಮೇಲೆ ಯಾರೋ ಕೂತಿದ್ದಾರೆಂಬ ಭಯ ಹುಟ್ಟಿತು. ಹದಿನೆಂಟು ವರ್ಷ ಆ ಸತ್ತ ಹುಡುಗಿಯ ಜತೆ ಒಂದೇ ಸೂರಿನಡಿ ಬದುಕಿದ್ದಳು, ಅವಳ ಮುಖವನ್ನು ಒಮ್ಮೆಯೂ ಕಂಡಿರಲಿಲ್ಲ. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ. ಬದುಕಿರುವವಳ ಫೋಟೋಗೆ ಹಾರ ಯಾಕೆ ಎಂದು ಮುದ್ದಮ್ಮ ತೆಗೆಸಿಬಿಟ್ಟಿದ್ದಳು.

ಮಾರನೆಯ ದಿನ ರಾಗಿ ಹೊಲದಲ್ಲಿ ಕಳೆ ಕೀಳುವಾಗ ಅನುಸೂಯ ನೆರೆಮನೆಯ ಗಿಡ್ಡಮ್ಮನನ್ನು ಕೇಳಿದಳು. ಗಿಡ್ಡಮ್ಮನಿಗೆ ಮುದ್ದಮ್ಮನಷ್ಟೇ ವಯಸ್ಸು, ನಾಲಿಗೆ ಮಾತ್ರ ಇನ್ನೂ ಚುರುಕು.

"ಗಿಡ್ಡಮ್ಮಾ, ಹಿರೇರ ಹಬ್ಬದಲ್ಲಿ ಅವಳಿಗೆ ಯಾವತ್ತಾದ್ರೂ ಎಡೆ ಇಟ್ಟಿದ್ರಾ?"

"ಎಲ್ಲಿ ಇಟ್ಟಾರು? ಅವಳು ಹೋದ ಮೇಲಿನ ಮೊದಲ್ನೇ ಹಬ್ಬಕ್ಕೆ ನೀನು ತುಂಬಿದ ಬಸುರಿ. ತವರಿಗೆ ಹೋಗಿದ್ದೆ. ನಾನೇ ಕೇಳ್ದೆ, ಮುದ್ದೀ, ಹುಡುಗೀಗೊಂದು ಎಲೆ ಹಾಕೇ ಅಂತ. ಬರೋಳಿಗೆ ದಾರಿ ತಪ್ಪಿಸ್ಬ್ಯಾಡ ಸುಮ್ಕಿರು ಅಂದ್ಲು. ಆಮೇಲೆ ನೀನು ಹೆತ್ತೆ. ಬಂದೋಳಿಗೆ ಎಡೆ ಯಾಕೆ ಅಂದ್ಲು. ಅಲ್ಲಿಗೆ ಮುಗೀತು."

"ಅವಳಿಗೂ ಕತ್ತಲ್ಲಿ ಮಚ್ಚೆ ಇತ್ತಂತಲ್ಲ."

"ಮಚ್ಚೆ ಯಾರಿಗಿಲ್ಲ? ನಂಗೂ ಐತೆ, ಎಲ್ಲಿ ಅಂತ ಹೇಳಲ್ಲ." ಗಿಡ್ಡಮ್ಮ ನಕ್ಕು, ಆಮೇಲೆ ಕೈಯಲ್ಲಿದ್ದ ಕಳೆಯ ಮಣ್ಣು ಒದರಿದಳು. "ಆ ಹುಡುಗೀಗೆ ಮಚ್ಚೆ ಇದ್ದಿದ್ದು ಮೊಣಕೈ ಮೇಲೆ ಕಣವ್ವ. ಎಣ್ಣೆ ಹಚ್ಚಿ ನೀರು ಹುಯ್ದೋಳು ನಾನು. ಹೆತ್ತೋಳ ಸಂಕ್ಟ ನೋಡಿ ಯಾರೂ ಬಾಯಿ ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ. ಪಾಪ, ಆ ಕೂಸು ಹದಿನೆಂಟು ವರ್ಸ ಹಸ್ಕೊಂಡು ಈ ಮನೆ ಬಾಗ್ಲಲ್ಲೇ ನಿಂತೈತೇನೋ."

ಅನುಸೂಯ ಕಳೆಯ ಜತೆ ಎರಡು ರಾಗಿ ಪೈರನ್ನೂ ಕಿತ್ತಳು. ಗಿಡ್ಡಮ್ಮ ಅವನ್ನು ಎತ್ತಿ ಮತ್ತೆ ನೆಟ್ಟಳು.

ಹಬ್ಬಕ್ಕೆ ಐದು ದಿನ ಇರುವಾಗ ಮನೆ ತೊಳೆಯುವುದು, ಕಜ್ಜಾಯಕ್ಕೆ ಪಾಕ ಹಿಡಿಯುವುದು ಶುರುವಾಯಿತು. ದೇವೀರಪ್ಪ ಪೇಟೆಯಿಂದ ತನ್ನ ಅಜ್ಜ, ಚಿಕ್ಕಜ್ಜರ ಎಡೆಗೆ ಪಂಚೆ, ಅಜ್ಜಿಯ ಎಡೆಗೆ ಸೀರೆ ತಂದ. ಆ ಮನೆಯ ಪದ್ಧತಿ ಹೀಗೆ: ನಡುಮನೆಯಲ್ಲಿ ಸತ್ತ ಹಿರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡುತ್ತಾರೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಒಳಗೆ ಹೋಗಿ ಆ ಎಲೆಗಳನ್ನು ಮನೆಯವರು ಉಣ್ಣುತ್ತಾರೆ. ದೇವೀರಪ್ಪನ ಅಜ್ಜನಿಗೆ ಬೀಡಿಯೂ ಒಂದು ಕ್ವಾರ್ಟರೂ ಬೇಕು. ಆ ಕ್ವಾರ್ಟರಿನ ಮುಂದಿನ ವಿಲೇವಾರಿ ದೇವೀರಪ್ಪನದು.

ಬಟ್ಟೆಯ ಕವರು ಬಿಚ್ಚಿದಾಗ ಒಳಗಿಂದ ಇನ್ನೊಂದು ಬಟ್ಟೆ ಬಂತು. ನೇರಳೆ ಬಣ್ಣದ ಚೂಡಿದಾರ್. ಅನುಸೂಯ ಅರಸೀಕೆರೆಯಲ್ಲಿ ಮಗಳಿಗೆಂದು ಕೊಂಡದ್ದನ್ನು ತಾಯಿ ಮಗಳು ಮಾತಾಡಿಕೊಂಡು ಆ ಕವರಿಗೆ ಸೇರಿಸಿದ್ದರು.

"ಇದ್ಯಾರಿಗೆ? ಶಿಲ್ಪಂಗಾ?" ಎಂದಳು ಮುದ್ದಮ್ಮ.

"ಎಡೆಗೆ ಅಜ್ಜಿ" ಎಂದಳು ಶಿಲ್ಪಶ್ರೀ. "ನಮ್ಮ ಅತ್ತೆಗೆ."

ಅಪ್ಪನ ತಂಗಿ ಅತ್ತೆಯಾಗಬೇಕು, ಇದು ಯಾವ ಮಗುವಿಗೂ ಗೊತ್ತು. ಆದರೆ ಆ ಮನೆಯಲ್ಲಿ ಸತ್ತವಳನ್ನು ಆ ಹುಡುಗಿಯ ಅತ್ತೆ ಎಂದು ಯಾರೂ ಕರೆದಿರಲಿಲ್ಲ. ಮುದ್ದಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮುಖ ಕಪ್ಪಿಟ್ಟಿತು.

"ಬದ್ಕಿರೋಳಿಗೆ ಎಡೆ ಇಡ್ತೀರೇನೇ? ಬದ್ಕಿರೋರ ಹೆಸ್ರಲ್ಲಿ ಎಲೆ ಹಾಕಿದ್ರೆ ಏನಾಯ್ತದೆ ಗೊತ್ತೇನೇ ನಿಂಗೆ? ಆ ಜೀವ ಉಳೀತದಾ? ಈ ಕಾರ್ತೀಕ ಒಂದು ದಾಟ್ಲಿ ಅಂತ ನಾನು ಕಾಯ್ಕಂಡು ಕುಂತಿದ್ರೆ..."

"ಅತ್ತೆ" ಎಂದಳು ಅನುಸೂಯ. ಹದಿನೆಂಟು ವರ್ಷದಲ್ಲಿ ಅವಳು ಅತ್ತೆಯ ಮಾತಿಗೆ ಅಡ್ಡ ಬಂದದ್ದು ಇದೇ ಮೊದಲು. ಕೈಯಲ್ಲಿ ಪಾಕದ ಸೌಟು ಹಾಗೇ ಇತ್ತು. "ಇವಳನ್ನ ಹೆತ್ತೋಳು ನಾನು. ಎರಡು ದಿನ ನೋವು ತಿಂದು ಹೆತ್ತಿದ್ದೀನಿ. ನನ್ನ ಮಗಳು ಬದುಕವಳೆ. ನಿಮ್ಮ ಮಗಳು ತೀರ್ಕೊಂಡವಳೆ. ಇಬ್ರನ್ನೂ ಒಬ್ಳು ಮಾಡಿ, ನನ್ನ ಮಗಳ್ನ ಅರ್ಧ ಸಾಯ್ಸಿಟ್ಟಿದ್ದೀರ."

"ಅನೂ, ಬಾಯ್ ಮುಚ್ಚು" ಎಂದ ದೇವೀರಪ್ಪ.

"ನೀವು ಇಷ್ಟು ದಿನ ಮುಚ್ಕೊಂಡಿದ್ದು ಸಾಲದಾ? ನಿಮ್ಮ ತಂಗಿ ಅಲ್ವೇನ್ರೀ ಅವಳು? ಒಂದು ದಿನ ಆದ್ರೂ ಅವಳ ಮಾತು ಆಡಿದ್ದೀರಾ?"

ದೇವೀರಪ್ಪ ಪಂಚೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಮುದ್ದಮ್ಮ ಎದ್ದು ಒಳಕೋಣೆಗೆ ಹೋಗಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಆ ಹೊತ್ತು ಊಟಕ್ಕೆ ಬರಲಿಲ್ಲ. ಮಾರನೆಯ ದಿನವೂ ಕಾಫಿಯಷ್ಟೇ. ಮುದ್ದಮ್ಮ ಎದುರಿಗಿಲ್ಲದ ಆ ಎರಡು ದಿನ ಶಿಲ್ಪಶ್ರೀ ಅಡುಗೆಮನೆಯಲ್ಲಿ ನಿಂತೇ ಅನ್ನ ಸಾರು ಉಂಡಳು, ಉಂಡದ್ದು ನಿಂತಿತು. ಅದಕ್ಕೆ ಸಂತೋಷಪಡಲು ಮನೆಯಲ್ಲಿ ಯಾರಿಗೂ ಧೈರ್ಯವಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅನುಸೂಯ ತಟ್ಟೆ ಹಿಡಿದು ಒಳಕೋಣೆಗೆ ಹೋದಳು. ಬೆಳಿಗ್ಗೆಯಿಂದ ಕಜ್ಜಾಯ ಬೇಯಿಸಿ ಕೈ ಸುಟ್ಟುಕೊಂಡಿದ್ದಳು, ಸೊಂಟ ಬಿದ್ದುಹೋಗಿತ್ತು.

"ಎದ್ದು ಉಣ್ಣಿ ಅತ್ತೆ."

"ನಂಗೆ ಉಣ್ಣಕ್ಕೆ ಬ್ಯಾಡ."

"ಎರಡು ತುತ್ತು."

"ಬ್ಯಾಡ ಅಂದೆ ಕಣೇ."

"ಬೇಡ್ದಿದ್ರೆ ಬಿಡಿ" ಎಂದಳು ಅನುಸೂಯ. ಸಾಕಾಗಿ ಹೋಗಿ ಆಡಿದ ಮಾತು, ಅಷ್ಟೇ. ತಟ್ಟೆ ನೆಲದ ಮೇಲಿಟ್ಟು ಹೊರಟಳು.

ಹಿಂದಿನಿಂದ ಬಂದ ಸದ್ದು ಕೇಳಿ ಹಿಂತಿರುಗಿದಳು. ಮುದ್ದಮ್ಮ ಎದ್ದು ಕೂತಿದ್ದಳು. ಎರಡೂ ಕೈ ಕಿವಿಯ ಮೇಲಿದ್ದವು. ಸೊಸೆ ಬಡಿಯಲು ಕೈ ಎತ್ತಿದಳೇನೋ ಎಂಬಂತೆ ಅವಳನ್ನು ನೋಡುತ್ತಿದ್ದಳು.

"ಅದ್ನೇ ಅಂದಿದ್ದು ನಾನೂ" ಎಂದಳು. "ಅದೇ ಮಾತು."

"ಯಾವಾಗ ಅತ್ತೆ?"

"ಅವತ್ತು ಬೆಳಿಗ್ಗೆ. ಹಿಂದಿನ ದಿನ ಅವರಪ್ಪ ಹಾಸ್ಟೆಲ್ ಬ್ಯಾಡ ಅಂದಿದ್ದ. ಕುಣಿಗಲ್ ಕಡೆಯೋರು ಬಂದು ನೋಡ್ಕಂಡು ಹೋಗವ್ರೆ, ಒಪ್ಪಾಗದೆ, ಹಾಸ್ಟೆಲ್ ಯಾವಳಿಗೆ ಅಂದ. ರಾತ್ರಿ ಉಣ್ಲಿಲ್ಲ ಅವಳು. ಬೆಳಿಗ್ಗೆ ರೊಟ್ಟಿ ತಟ್ತಿದ್ದೆ. ಬಂದು ಬಾಗ್ಲಲ್ಲಿ ನಿಂತ್ಕಂಡ್ಲು. ರೊಟ್ಟಿ ತಿನ್ನೇ ಅಂದೆ. ನಂಗೆ ಬ್ಯಾಡ ಅವ್ವಾ ಅಂದ್ಲು. ಕೆಲ್ಸದ ಆಳು ಕಾಯ್ತಾ ಕುಂತಿದ್ರು, ಹಸ ಬೇರೆ ಕರೀಬೇಕಿತ್ತು. ಬ್ಯಾಡ್ದಿದ್ರೆ ಬಿಡು ಅಂದೆ. ತಿರುಗಿ ನೋಡ್ಲಿಲ್ಲ ಕಣೇ ನಾನು. ಹೆಂಚಿನ ಕಡೆಗೇ ಮುಖ ಇತ್ತು. ಬ್ಯಾಡ್ದಿದ್ರೆ ಬಿಡು ಅಂದೆ. ಬಿಟ್ಟೇ ಹೋದ್ಲು."

ಅನುಸೂಯ ಬಾಗಿಲ ಬಳಿಯೇ ಕೂತಳು. ಅತ್ತೆ ಅಳುತ್ತಿರಲಿಲ್ಲ, ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

"ಇವಳು ತಟ್ಟೇಲಿ ಒಂದು ತುತ್ತು ಬಿಟ್ರೂ ನಂಗೆ ಅದೇ ಕೇಳಿಸ್ತದೆ. ಅದಕ್ಕೇ ಎದುರ್ಗೇ ಕುಂತ್ಕೋತೀನಿ. ಈ ಸಲ ನೋಡ್ಬೇಕು, ಮುಖ ತಿರುಗಿಸ್ಬಾರ್ದು ಅಂತ."

"ಯಾರಿಗೂ ಹೇಳ್ಲಿಲ್ವಾ ಅತ್ತೆ?"

"ಯಾರಿಗೆ ಹೇಳ್ಲಿ? ಕಾಲ್ ಜಾರಿ ಬಿದ್ದೋಳ ಬಗ್ಗೆ ಏನಂತ ಹೇಳ್ಲಿ?"

ಹದಿನೆಂಟು ವರ್ಷ ಅತ್ತೆಯ ಮೇಲೆ ಕೂಡಿಟ್ಟ ಸಿಟ್ಟನ್ನು ಅನುಸೂಯ ಆ ಹೊತ್ತಿಗೆ ಹುಡುಕಿದಳು. ಸಿಗಲಿಲ್ಲ. ಹತ್ತಿರ ಸರಿದು ಮುದ್ದೆ ಮುರಿದು ಅವಳ ಕೈಗಿಟ್ಟಳು. ಮುದ್ದಮ್ಮ ತಿನ್ನಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಕೂತಳು.

"ಅವಳೂ ತಿಂದಿಲ್ಲ ಅತ್ತೆ" ಎಂದಳು ಅನುಸೂಯ. "ನೀವು ಇವಳಿಗೆ ಇಕ್ಕಿದ್ದು ಅವಳಿಗೆ ಮುಟ್ಟಿಲ್ಲ. ಇವಳಿಗೂ ಮುಟ್ತಿಲ್ಲ. ಕರಿಬೇವಿನ ಗಿಡದ ಹಿಂದೆ ಹೋಗಿ ನೋಡಿ, ಗೊತ್ತಾಗ್ತದೆ. ಆರು ಕೆ.ಜಿ. ಇಳಿದವಳೆ."

ಮುದ್ದಮ್ಮ ಆಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಹಿತ್ತಿಲಿಗೆ ನಡೆದು ಹೋದಳು. ಹೋದವಳು ಬಹಳ ಹೊತ್ತು ಬರಲಿಲ್ಲ. ಅನುಸೂಯ ಹೋಗಿ ನೋಡಿದಾಗ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಮಣ್ಣನ್ನೇ ನೋಡುತ್ತಿದ್ದಳು.

ಹಬ್ಬದ ದಿನ ಬೆಳಿಗ್ಗೆ ಎಡೆಯ ಮಾತನ್ನು ಯಾರೂ ಎತ್ತಲಿಲ್ಲ. ನೇರಳೆ ಚೂಡಿದಾರ್ ಕಪಾಟಿನ ಮೇಲೆ ಹಾಗೇ ಇತ್ತು. ಶಿಲ್ಪಶ್ರೀ ಹಾಸ್ಟೆಲ್ಲಿಗೆಂದು ತನ್ನ ಬಟ್ಟೆ ಬ್ಯಾಗಿಗೆ ತುಂಬಲೂ ಇಲ್ಲ, ತುಂಬಬಾರದೆಂದು ಯಾರೂ ಹೇಳಲೂ ಇಲ್ಲ. ಚಿಕ್ಕಣ್ಣ ತೋಟದಿಂದ ಬಾಳೆಲೆ ಕೊಯ್ದು ತಂದು ನಡುಮನೆಯಲ್ಲಿಟ್ಟ. ಅನುಸೂಯ ಒರೆಸಲು ಎತ್ತಿಕೊಂಡವಳು ಎಣಿಸಿದಳು. ಅವನ ಅಪ್ಪನಿಗೊಂದು, ಅವ್ವನಿಗೊಂದು, ಚಿಕ್ಕಪ್ಪನಿಗೊಂದು. ಇನ್ನೊಂದು ಉಳಿಯಿತು.

"ಮಾವ, ಒಂದು ಜಾಸ್ತಿ ಐತೆ."

ಚಿಕ್ಕಣ್ಣ ಕಂಬಕ್ಕೊರಗಿ ನಿಂತಿದ್ದ. ಎಪ್ಪತ್ತೈದರ ಮುದುಕ, ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ.

"ಜಾಸ್ತಿ ಇಲ್ಲ" ಎಂದ. "ಬ್ಯಾಡ ಅಂದೋನು ನಾನು. ಮೊನ್ನೆ ನಿಮ್ಮತ್ತೆ ನಿಂಗೆ ರೊಟ್ಟಿ ಮಾತು ಹೇಳಿದ್ದು ಜಗಲೀಗೆ ಕೇಳಿಸ್ತು. ಅವಳ್ದೇನಿಲ್ಲ. ಹೊಸ್ಲು ದಾಟಿದ್ರೆ ಕಾಲು ಮುರೀತೀನಿ ಅಂದಿದ್ದು ನಾನು. ಅವಳು ಕೇಳ್ಕಂಡು ಸುಮ್ನೆ ನಿಂತಿದ್ಲು. ಒಂದು ಮಾತು ಎದುರಾಡಿದ್ರೂ..." ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಹಾಕಮ್ಮ ಎಲೆ. ನಾನು ಹೇಳ್ದೆ ಅನ್ನು."

ಒಳಗಿನಿಂದ ಮುದ್ದಮ್ಮ ಬಂದಳು. ಮಾತೆಲ್ಲ ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಗಂಡನ ಕಡೆ ನೋಡದೆ ಸೊಸೆಯ ಕೈಯಿಂದ ಎಲೆ ತೆಗೆದುಕೊಂಡಳು.

"ನಾನು ಹಾಕ್ತೀನಿ" ಎಂದಳು. ಆಮೇಲೆ ಮೊಮ್ಮಗಳನ್ನು ಕರೆದು, ಹಬ್ಬದ ಆ ಗಡಿಬಿಡಿಯ ನಡುವೆ, ಅವಳ ಎರಡೂ ಕೆನ್ನೆ ಹಿಡಿದು ನೋಡಿದಳು. ಕತ್ತು ತಿರುಗಿಸಿ ಮಚ್ಚೆ ನೋಡಲಿಲ್ಲ. "ನಿಂಗೇನೂ ಆಗಕಿಲ್ಲ ತಾನೇ ಮಗಾ?"

"ಏನೂ ಆಗಲ್ಲ ಅಜ್ಜಿ. ನಾನು ಬೇರೆ."

"ಆಣೆ?"

"ಆಣೆ."

ಸಂಜೆ ದೀಪ ಹಚ್ಚಿದ ಮೇಲೆ ಎಡೆ ಇಟ್ಟರು. ಹಿರಿಯರ ಮೂರು ಎಲೆಗಳಿಗೆ ಅನುಸೂಯ ಬಡಿಸಿದಳು: ಕೋಳಿ ಸಾರು, ಮುದ್ದೆ, ಕಜ್ಜಾಯ, ವಡೆ. ನಾಲ್ಕನೆಯದಕ್ಕೆ ಮುದ್ದಮ್ಮ ಒಬ್ಬಳೇ ಬಡಿಸಿದಳು, ಯಾರನ್ನೂ ಮುಟ್ಟಲು ಬಿಡಲಿಲ್ಲ. ಹುರುಳಿ ಸಾರು ಬಡಿಸಿದಳು. ಆಮೇಲೆ ಒಲೆಯ ಮೇಲೆ ಹೆಂಚಿಟ್ಟು ಒಂದೇ ಒಂದು ರೊಟ್ಟಿ ತಟ್ಟಿ, ಬಿಸಿಬಿಸಿಯಾಗಿ ತಂದು ಎಲೆಯ ತುದಿಯಲ್ಲಿಟ್ಟಳು. ಚೂಡಿದಾರನ್ನು ಪಕ್ಕದಲ್ಲಿಟ್ಟು ಮಡಿಕೆ ಸರಿಮಾಡಿದಳು. ದೇವೀರಪ್ಪ ಧೂಪ ಹಾಕುವಾಗ ಕೆಂಡ ಚೆಲ್ಲಿತು. "ತಂಗೀ" ಎಂದ. ಬಾಗಿ ಕೆಂಡ ಆಯ್ದ.

ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿದರು. ಜಗಲಿಯ ಮೇಲೆ ಐದೂ ಜನ ಕೂತರು. ಬೀದಿಯ ಬೇರೆ ಮನೆಗಳ ಮುಂದೆಯೂ ಜನ ಹೀಗೇ ಕೂತಿದ್ದರು. ಊರೆಲ್ಲ ಧೂಪದ ವಾಸನೆ. ಒಳಗೆ ಗಾಳಿಗೆ ಎಲೆಯೋ ಬಟ್ಟೆಯೋ ಸರಿದ ಸದ್ದಾಯಿತು. ಶಿಲ್ಪಶ್ರೀ ತಾಯಿಯ ಕೈ ಹಿಡಿದಳು. ಅನುಸೂಯಳಿಗೂ ಭಯವಾಯಿತು, ಆದರೆ ಆ ಭಯ ಈಗ ಬಾಗಿಲ ಆಚೆ ಇತ್ತು, ಮಗಳು ಈಚೆ ಇದ್ದಳು.

"ದೇವೀರಾ" ಎಂದಳು ಮುದ್ದಮ್ಮ. "ನಾಳೆ ಬಸ್ಸು ಎಷ್ಟೊತ್ತಿಗೆ?"

"ಏಳೂವರೆಗೊಂದು ಐತೆ ಅವ್ವಾ."

"ನೀನೇ ಹೋಗಿ ಬಿಟ್ಟು ಬಾ. ಮಂಚ ಕಿಟ್ಕಿ ತಾವ ಕೊಡ್ಸು. ಇವಳಿಗೆ ಸೆಕೆ ಆಗಲ್ಲ."

ಶಿಲ್ಪಶ್ರೀಗೆ ಸೆಕೆ ಆಗುವುದಿಲ್ಲ, ನಿಜ. ಅದು ಅವಳದೇ. ಹುಡುಗಿ ಅಜ್ಜಿಯನ್ನು ತಿರುಗಿ ನೋಡಿದಳು.

ಎಂದಿನ ಹೊತ್ತು ಕಳೆಯಿತು. ಪಕ್ಕದ ಮನೆಯಲ್ಲಿ ಗಿಡ್ಡಮ್ಮ ಬಾಗಿಲು ತಟ್ಟಿ ಒಳಗೆ ಹೋದಳು. ಎದುರುಮನೆಯವರೂ ಹೋದರು. ಬೀದಿಯಲ್ಲಿ ತಟ್ಟೆ ಲೋಟದ ಸದ್ದು ಶುರುವಾಯಿತು. ದೇವೀರಪ್ಪ ಎದ್ದು ಬಾಗಿಲು ತಟ್ಟಲು ಕೈ ಎತ್ತಿದ.

"ತಡಿಯೋ" ಎಂದಳು ಮುದ್ದಮ್ಮ. "ಇನ್ನೊಂದು ಗಳಿಗೆ ಇರ್ರೋ. ಅವಳು ಉಣ್ಣೋದು ನಿಧಾನ."

ದೇವೀರಪ್ಪ ಕೈ ಇಳಿಸಿದ. ಬಂದು ಅವ್ವನ ಪಕ್ಕದಲ್ಲಿ ಕೂತ. ಸಾರು ಆರುತ್ತದೆಂದು ಯಾರೂ ಹೇಳಲಿಲ್ಲ.